ಸಮವಸ್ತ್ರ ಕಳಚಿದ ಮೇಲೆ ಬರುವ ಕಾಯಿಲೆ ಯಾರ ಲೆಕ್ಕಕ್ಕೆ?

ಜುಲೈ 26 ಬಂತೆಂದರೆ ಮಾಜಿ ಸೈನಿಕರಿಗೆ ಶಾಲು, ಹಾರ, ಮೈಸೂರು ಪೇಟ ಸಿಗುತ್ತೆ. ಭಾಷಣಗಳಲ್ಲಿ ಕಾರ್ಗಿಲ್ ಬರುತ್ತೆ, ಸಿಯಾಚಿನ್ ಬರುತ್ತೆ. ಅಲ್ಲಿಂದ ವಾಪಸ್ ಬಂದವರು ರಾತ್ರಿ ಸರಿಯಾಗಿ ನಿದ್ದೆ ಮಾಡ್ತಾರಾ ಅನ್ನುವ ಪ್ರಶ್ನೆ ಎತ್ತಿದ ಒಂದು ಭಾಷಣವನ್ನೂ ನಾನು ಕೇಳಿಲ್ಲ.

ಸಿಪಾಯಿ ನಿವೃತ್ತಿಯಾಗುವುದು 60ಕ್ಕಲ್ಲ. ಬಹಳ ಮಂದಿ 35ರಿಂದ 45ರೊಳಗೆ ಮನೆಗೆ ಬರುತ್ತಾರೆ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಹದಿನೇಳು ವರ್ಷ ಏಳುವ ಹೊತ್ತು, ಉಣ್ಣುವ ಹೊತ್ತು ಎಲ್ಲವನ್ನೂ ಪಲ್ಟನ್ನೇ ಗೊತ್ತುಮಾಡಿತ್ತು. ಊರಿಗೆ ಬಂದರೆ ಹೊಲ ಅಣ್ಣತಮ್ಮಂದಿರ ಕೈಯಲ್ಲಿ, ಮನೆ ಹೆಂಡತಿಯ ಕೈಯಲ್ಲಿ. ಇವರಿಲ್ಲದೆಯೇ ಎಲ್ಲ ನಡೆಯೋದು ರೂಢಿಯಾಗಿಬಿಟ್ಟಿರುತ್ತೆ. ಕೊನೆಗೆ ಸಿಗುವುದು ಯಾವುದೋ ಬ್ಯಾಂಕಿನ ಬಾಗಿಲಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ.

ಬೆಳಗಾವಿ ಕಡೆ, ಕೊಡಗಿನಲ್ಲಿ ಫೌಜಿಗಳೇ ತುಂಬಿದ ಊರುಗಳಿವೆ. ಅಲ್ಲೂ ಖಿನ್ನತೆಗೆ ಖಿನ್ನತೆ ಅನ್ನೋ ಹೆಸರಿಲ್ಲ. ‘ಮಿಲಿಟ್ರಿ ಸಿಟ್ಟು’ ಅಂತಾರೆ, ‘ಕುಡಿತ ಜಾಸ್ತಿ ಆಗೇತಿ’ ಅಂತಾರೆ. ನನಗೆ ಪರಿಚಯದ ಹವಾಲ್ದಾರರೊಬ್ಬರು ಎರಡು ಸಲ ಕಾಶ್ಮೀರದಲ್ಲಿದ್ದವರು. ಮದುವೆ ಮೆರವಣಿಗೆಯಲ್ಲಿ ಪಟಾಕಿ ಹೊಡೆದರೆ ಎದ್ದು ಹೋಗಿಬಿಡ್ತಾರೆ. ‘ಡಾಕ್ಟರ್‌ಗೆ ತೋರಸ್ರಿ ಕಾಕಾ’ ಅಂದೆ. ‘ನನಗೇನ್ ಹುಚ್ಚ ಹಿಡದೈತೇನು?’ ಅಂತ ನಕ್ಕರು. ಕ್ಯಾಂಟೀನಿನಲ್ಲಿ ಅಗ್ಗದ ರಮ್ಮು ತಿಂಗಳಿಗಿಷ್ಟು ಅಂತ ಸಿಗುತ್ತೆ. ಅವರು ಔಷಧಿ ಮಾಡಿಕೊಂಡಿರುವುದು ಅದನ್ನೇ.

ಇಂಥವರು ಎಷ್ಟು ಜನ? ನಮ್ಮ ಸರ್ಕಾರಿ ಅಂಕಿಅಂಶ ಹೇಳೋದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಆತ್ಮಹತ್ಯೆ ವರದಿಯಲ್ಲಿ ‘ನಿವೃತ್ತರು’ ಅನ್ನುವ ಒಂದು ಕಾಲಂ ಇದೆ, ಮಾಜಿ ಸೈನಿಕರಿಗೆ ಬೇರೆ ಕಾಲಂ ಇಲ್ಲ. ಗಾರ್ಡ್ ಆಗಿದ್ದಾಗ ಸತ್ತರೆ ಸಂಬಳದಾರರ ಪಟ್ಟಿಗೆ ಹೋಗಬಹುದು, ಹೊಲದಲ್ಲಿದ್ದರೆ ರೈತರ ಪಟ್ಟಿಗೆ. ಅಮೆರಿಕ ಇದನ್ನು ಪ್ರತಿವರ್ಷ ಎಣಿಸಿ ಪ್ರಕಟಿಸುತ್ತೆ: 2022ರಲ್ಲಿ 6,407 ಮಾಜಿ ಸೈನಿಕರ ಆತ್ಮಹತ್ಯೆ. ಅಲ್ಲಿನ ಸಮಸ್ಯೆ ನಮ್ಮದಕ್ಕಿಂತ ದೊಡ್ಡದಿರಬಹುದು, ಚಿಕ್ಕದಿರಬಹುದು. ಎಣಿಸದೆ ಹೋಲಿಸೋದು ಹೇಗೆ?

ಹಣದ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಕಾಯಿಲೆ ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿರಬೇಕು. ಕಾಲಿಗೆ ಗುಂಡು ತಗುಲಿದ್ದರೆ ತಾರೀಖು, ಜಾಗ ಎಲ್ಲ ದಾಖಲೆಯಲ್ಲಿರುತ್ತೆ. ಮನಸ್ಸಿಗೆ ಅಂಥ ದಾಖಲೆ ಎಲ್ಲಿಂದ ತರೋದು? ಭರ್ತಿಯಾಗುವಾಗ ಕಾಯಿಲೆ ನಮೂದಾಗಿಲ್ಲದಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲ ಎಂದು ಸಾಬೀತು ಮಾಡುವ ಹೊಣೆ ಸೇನೆಯದು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ಮೂರ್ಛೆ ರೋಗದ ಪ್ರಕರಣ. 2019ರಲ್ಲಿ ಸ್ಕಿಜೋಫ್ರೇನಿಯಾದ ಪ್ರಕರಣವೊಂದು ಬಂದಾಗ ಅದೇ ಕೋರ್ಟು, ಮಾನಸಿಕ ಕಾಯಿಲೆ ಭರ್ತಿಯ ತಪಾಸಣೆಯಲ್ಲಿ ಗೊತ್ತಾಗದೇ ಇರಬಹುದು ಎಂದು ಪಿಂಚಣಿ ನಿರಾಕರಿಸಿತು. ಇದು ಸೇವೆಯಲ್ಲಿದ್ದಾಗಲೇ ಕಾಯಿಲೆ ಬಿದ್ದವರ ಪಾಡು. ಮನೆಗೆ ಬಂದು ಐದು ವರ್ಷದ ಮೇಲೆ ಕುಸಿದವರ ಅರ್ಜಿಯ ಗತಿ ಏನಾಗುತ್ತೆ ಅಂತ ನೀವೇ ಊಹಿಸಿ.

ಆದರೂ ಇವರಿಗೆ ಸೇವಾ ಪಿಂಚಣಿ ಇದೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತೆ. ಅಗ್ನಿವೀರರಿಗೆ ಎರಡೂ ಇಲ್ಲ. 2022ರ ಯೋಜನೆಯ ಪ್ರಕಾರ ನಾಲ್ಕು ವರ್ಷದ ಬಳಿಕ ಶೇ. 25ರವರೆಗೆ ಮಾತ್ರ ಉಳಿಸಿಕೊಳ್ಳಲಾಗುತ್ತೆ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಕೊಟ್ಟು ಕಳಿಸ್ತಾರೆ. ‘ಮಾಜಿ ಸೈನಿಕ’ ಅನ್ನುವ ಸ್ಥಾನಮಾನವೂ ಇಲ್ಲ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತೆ. 21-27ರ ಹುಡುಗರು. ಗಡಿಯಲ್ಲಿ ನಿಂತು ಬಂದವರು, ಊರಲ್ಲಿ ‘ಇವನನ್ನ ಯಾಕೆ ಉಳಿಸ್ಕೊಳ್ಳಲಿಲ್ಲ?’ ಅನ್ನೋ ಪ್ರಶ್ನೆಗೂ ಉತ್ತರ ಕೊಡಬೇಕಾದವರು. ಮೂವತ್ತರ ಹೊತ್ತಿಗೆ ಇವರಲ್ಲಿ ಯಾರಿಗಾದರೂ ಖಿನ್ನತೆ ಬಂದರೆ ಅದು ಸೇನೆಯ ಲೆಕ್ಕಕ್ಕೆ ಬರುತ್ತಾ? ಈಗಿನ ನಿಯಮ ನೋಡಿದರೆ ಬರೋದಿಲ್ಲ.

ನನ್ನ ಮಟ್ಟಿಗೆ ಇಷ್ಟಾದರೂ ಆಗಬೇಕು. ಬಿಡುಗಡೆಗೆ ಮುಂಚೆ ದೇಹ ತಪಾಸಣೆ ಮಾಡ್ತಾರಲ್ಲ, ಮನಸ್ಸಿನದ್ದನ್ನೂ ಸರಿಯಾಗಿ ಮಾಡಿ ದಾಖಲಿಸಲಿ. ಅಗ್ನಿವೀರರಿಗೆ ಮಾನಸಿಕ ಚಿಕಿತ್ಸೆಗಷ್ಟಾದರೂ ಇಸಿಎಚ್‌ಎಸ್ ತೆರೆಯಲಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಮನೆಗೆ ಹೋದವರನ್ನು ಆರು ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಲಿ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಇಂಥ ‘ಮಿಲಿಟ್ರಿ ಸಿಟ್ಟಿನವರು’ ಇದ್ದರೆ ಟೆಲಿ ಮಾನಸ್ ಸಂಖ್ಯೆ 14416 ಗೋಡೆ ಮೇಲೆ ಬರೆದಿಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.