ತಡವಾಗಿ ಮುಟ್ಟುವ ಚಪ್ಪಾಳೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಹಾಡೆಂದರೆ ಬಹುಮಟ್ಟಿಗೆ ಕೂಡಿ ಹಾಡುವುದು. ಭಜನಾ ಮೇಳದಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಶಿಶುನಾಳ ಶರೀಫರ ತತ್ವಪದಗಳನ್ನು ಕಾಪಾಡಿದ್ದರಲ್ಲಿ ಪುಸ್ತಕಕ್ಕಿಂತ ಇಂಥ ಮೇಳಗಳ ಪಾಲೇ ಹೆಚ್ಚು. ಈ ಸಂಗೀತವನ್ನು ಅಂತರ್ಜಾಲದ ವರ್ಚುವಲ್ ಲೋಕಗಳಲ್ಲಿ ನೆರೆಯುವ ಸಭೆಗೆ ನೇರವಾಗಿ ಬಿತ್ತರಿಸಿದರೆ ಅದು ಕಛೇರಿ ಎನಿಸೀತೇ? ಎನಿಸೀತು, ಆದರೆ ಎಲ್ಲ ಹಾಡಿಗೂ ಆ ಭಾಗ್ಯವಿಲ್ಲ. ಅದು ನಿಂತಿರುವುದು ಪರದೆಯ ಚಿತ್ರದ ಅಂದದ ಮೇಲಲ್ಲ. ದನಿ ಹೋಗಿ ಮುಟ್ಟಿ ಉತ್ತರ ಮರಳಲು ಹಿಡಿಯುವ ಹೊತ್ತಿನ ಮೇಲೆ.

ಕಣ್ಣಿಗೆ ಕಾಣದ ಹಾಡುಗಾರರನ್ನು ಗುಂಪಾಗಿ ಕೇಳುವುದು ನಮಗೆ ಹೊಸದಲ್ಲ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ದನಿ ಕಛೇರಿಗೆ ಹೋಗಲಾಗದವರ ಕಿವಿಗೂ ಬಿತ್ತು. ಮನೆಮನೆಗೆ ಟ್ರಾನ್ಸಿಸ್ಟರ್ ಬರುವ ಮುನ್ನ ಪಂಚಾಯ್ತಿ ರೇಡಿಯೊದ ಮುಂದೆ ಜನ ಕೂಡುತ್ತಿದ್ದರು. ಕೇಳುಗರಿಗೆ ಕೇಳುಗರು ಸಿಗುತ್ತಿದ್ದರು, ಹಾಡುವವರಿಗೆ ಮಾತ್ರ ಯಾರೂ ಸಿಗುತ್ತಿರಲಿಲ್ಲ. ಆಲಾಪ ಹಿಡಿಸಿತೋ ಇಲ್ಲವೋ, ಇನ್ನೊಂದು ಸುತ್ತು ಹೋಗಬೇಕೋ ಬೇಡವೋ ಎಂದು ಹೇಳುವ ಮುಖ ಸ್ಟುಡಿಯೋದಲ್ಲಿ ಎಲ್ಲಿ ಬರಬೇಕು? ರೇಡಿಯೊ ಕಳೆದುಕೊಂಡ ಈ ಅರ್ಧವನ್ನು ವರ್ಚುವಲ್ ಲೋಕ ಒಂದಿಷ್ಟಾದರೂ ಮರಳಿಸಬಲ್ಲದು. ಅದನ್ನು ಬರಿಯ ಆಟವೆಂದು ತಳ್ಳಿಹಾಕಬಾರದು ಎನ್ನುವುದು ಅದಕ್ಕೇ.

2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕ ಇದಕ್ಕೆ ಹಳೆಯ ಉದಾಹರಣೆ. ಅಮೆರಿಕದ ಗಾಯಕಿ ಸುಝೇನ್ ವೇಗಾ 2006ರ ಆಗಸ್ಟಿನಲ್ಲಿ ಅಲ್ಲಿ ಹಾಡಿದರು, ಅದೂ ಒಂದು ರೇಡಿಯೊ ಕಾರ್ಯಕ್ರಮದ ಅಂಗವಾಗಿ. ಅಲ್ಲಿನ ಸಾಮಾನ್ಯ ಏರ್ಪಾಡು ಹೀಗೆ: ಹಾಡುಗಾರ ಮನೆಯಲ್ಲಿ ಮೈಕಿನ ಮುಂದೆ ಕೂತಿರುತ್ತಾನೆ, ಅವನ ಅವತಾರ, ಅಂದರೆ ಅವನ ಬದಲಿನ ಗೊಂಬೆ, ಪರದೆಯ ವೇದಿಕೆಯ ಮೇಲೆ ನಿಂತಿರುತ್ತದೆ. ದನಿ ಬೇರೊಂದು ಸ್ಟ್ರೀಮಿಂಗ್ ಸರ್ವರಿಗೆ ಹೋಗುತ್ತದೆ; ಪ್ರತಿ ಕೇಳುಗನ ಕಂಪ್ಯೂಟರೂ ಅಲ್ಲಿಂದ ತನ್ನ ಪಾಡಿಗೆ ಅದನ್ನು ಎಳೆದುಕೊಂಡು, ನಡುವೆ ಕಡಿಯದಿರಲೆಂದು ಒಂದಿಷ್ಟು ತುಂಬಿಸಿಟ್ಟುಕೊಂಡು, ಆಮೇಲೆ ಕೇಳಿಸುತ್ತದೆ. ಹಲವು ಸೆಕೆಂಡು ತಡವಾಗುವುದು ಇಲ್ಲಿಯೇ. ಅಕ್ಕಪಕ್ಕ ನಿಂತ ಎರಡು ಅವತಾರಗಳ ಒಡೆಯರಿಗೂ ಒಂದೇ ಸ್ವರ ಒಂದೇ ಗಳಿಗೆಗೆ ಕೇಳದೆ ಹೋಗಬಹುದು. ಹಾಡುಗಾರ ಪದ ಮುಗಿಸಿ ನೀರು ಕುಡಿಯುವ ಹೊತ್ತಿಗೆ ಮೆಚ್ಚುಗೆಯ ಸಾಲುಗಳು ಒಂದೊಂದಾಗಿ ಪರದೆಯ ಮೇಲೆ ಮೂಡತೊಡಗುತ್ತವೆ.

ತಂತ್ರಜ್ಞಾನ ಬೆಳೆದಂತೆ ಈ ತಡ ಇಲ್ಲವಾಗುತ್ತದೆ ಎನ್ನುವವರಿದ್ದಾರೆ. ಕಡಿಮೆಯಾದೀತು, ಇಲ್ಲವಾಗದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹಾವೇರಿಯಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ಕೇಬಲ್ ಎಳೆದರೂ ಹೋಗುವುದಕ್ಕೇ ಸುಮಾರು 70 ಮಿಲಿಸೆಕೆಂಡ್ ಬೇಕು. ಕೂಡಿ ನುಡಿಸುವವರಿಗೆ 30 ದಾಟಿದರೇ ಲಯ ಜಾರುತ್ತದೆ. ಹಾಗಾಗಿ ಊರಿನ ಮೇಳಕ್ಕೆ ದೂರದವರು ದನಿಗೂಡಿಸುವ ಭಜನೆ ಈ ದಾರಿಯಲ್ಲಿ ಆಗದ ಮಾತು. ಏಕತಾರಿ ಹಿಡಿದು ಒಬ್ಬರೇ ಹಾಡುವ ತತ್ವಪದಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಚೆನ್ನಾಗಿ ಹೊಂದುವುದು ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ. ಅಲ್ಲಿ ಒಂದು ಮೇಳ ಸವಾಲು ಹಾಕಿ ಪದ ಮುಗಿಸುತ್ತದೆ, ಇನ್ನೊಂದು ಮೇಳ ಯೋಚಿಸಿ ಜವಾಬು ಎತ್ತುತ್ತದೆ. ಎರಡರ ನಡುವೆ ಹತ್ತು ಸೆಕೆಂಡು ಹೋದರೆ ಯಾರ ತಾಳವೂ ತಪ್ಪುವುದಿಲ್ಲ. ಎರಡು ಮೇಳ ಎರಡು ಜಿಲ್ಲೆಯಲ್ಲಿದ್ದರೂ ಸ್ಪರ್ಧೆ ನಡೆಯುತ್ತದೆ. ಸಭೆಯ ಒಲವು ಯಾರ ಕಡೆಗಿದೆ ಎಂದು ಕಂಡು ಮುಂದಿನ ಪದ ಆರಿಸಿಕೊಳ್ಳಲು ಹಾಡುವವರಿಗೆ ಬಿಡುವೂ ಸಿಗುತ್ತದೆ.

ಯೂಟ್ಯೂಬ್ ಲೈವ್ ಇರುವಾಗ ಇದೇಕೆ ಎಂದು ಕೇಳಬಹುದು. ಅಗ್ಗವೂ ಹೌದು, ಕೈಯಲ್ಲಿರುವ ಫೋನಿಗೇ ಬರುತ್ತದೆ, ಹಳ್ಳಿಯವರಿಗೆ ಅದೇ ಸುಲಭ; ಒಪ್ಪಿದೆ. ಆದರೆ ಅಲ್ಲಿ ಕಾಣುವುದು ನೋಡುಗರ ಲೆಕ್ಕ ಮತ್ತು ಓಡುವ ಕಾಮೆಂಟು. ಯಾರು ಯಾರ ಪಕ್ಕ ನಿಂತರು, ಯಾರು ನಡುವೆ ಎದ್ದು ಹೋದರು ಎಂಬುದು ತಿಳಿಯದು. ದೊಡ್ಡ ಲೆಕ್ಕವನ್ನೇ ಗೆಲುವೆಂದುಕೊಳ್ಳುವುದೂ ಬೇಡ. 2020ರ ಏಪ್ರಿಲಿನಲ್ಲಿ ಫೋರ್ಟ್‌ನೈಟ್ ಆಟದೊಳಗೆ ಟ್ರಾವಿಸ್ ಸ್ಕಾಟ್ ಕಾರ್ಯಕ್ರಮಕ್ಕೆ ಏಕಕಾಲಕ್ಕೆ 1.23 ಕೋಟಿ ಜನ ಸೇರಿದರು. ಅದು ಮೊದಲೇ ಸಿದ್ಧಪಡಿಸಿಟ್ಟದ್ದು, ಕೇಳುಗರಿಂದ ಅದರ ಒಂದು ಸ್ವರವೂ ಬದಲಾಗುವಂತಿರಲಿಲ್ಲ. ಕೇಳುವವರನ್ನು ಕಂಡು ಹಾಡು ತಿರುಗುವ ಐವತ್ತು ಜನರ ಸಭೆ ನನಗೆ ಇದಕ್ಕಿಂತ ದೊಡ್ಡದು. ಇನ್ನು, ನೆಲ ಬಿಟ್ಟು ಕದಲಿಸಬಾರದ್ದೂ ಉಂಟು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಾರಣಿಕ ನುಡಿಯಲು ಗೊರವಯ್ಯ ಬಿಲ್ಲನ್ನೇರಿದಾಗ ಅಷ್ಟೂ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಕಾರಣಿಕದ ನುಡಿಯನ್ನು ಫೋನು ಮುಟ್ಟಿಸುತ್ತದೆ, ಆ ಮೌನವನ್ನು ಮುಟ್ಟಿಸಲಾರದು.

ಸೆಕೆಂಡ್ ಲೈಫಿನಲ್ಲಿ ಕೇಳುಗರು ಹಾಡುಗಾರನಿಗೆ ಲಿಂಡನ್ ಡಾಲರ್ ಕೊಡುತ್ತಾರೆ, ದೊಡ್ಡಾಟದಲ್ಲಿ ಆಯೇರಿ ಮಾಡಿದಂತೆ. ಹಾಡಿದವರ ಕೈಗೆ ಅಂದೇ ಹಣ ಸೇರುವ ಈ ರೂಢಿಯನ್ನು ನಾವೂ ಇಟ್ಟುಕೊಳ್ಳಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹೊರನಾಡಿನ ಕನ್ನಡ ಕೂಟಗಳ ಜೊತೆಗೂಡಿ ಅದು ಒಂದು ಸವಾಲ್–ಜವಾಬ್ ಏರ್ಪಡಿಸಲಿ. ಖರ್ಚು ಮಾಡುವುದಿದ್ದರೆ ಮೊದಲು ಒಳ್ಳೆಯ ಮೈಕಿಗೆ, ಆಮೇಲೆ ಮೇಳದ ಪಕ್ಕದಲ್ಲಿ ಕೂತು ಪರದೆಯ ಮೇಲೆ ಬಂದ ಕೇಳುಗರ ಮಾತನ್ನು ಹಾಡುವವರಿಗೆ ಓದಿ ಹೇಳುವ ಒಬ್ಬರ ಸಂಬಳಕ್ಕೆ. ಪರದೆಯ ಮೇಲಿನ ವೇದಿಕೆಯ ಅಲಂಕಾರ ಆಮೇಲಾದರೂ ನಡೆಯುತ್ತದೆ.