ಬಲಿ, ಬಳಿ, ಬಾಲಿ

ಮುಂಬಯಿಯ ಬೊರಿವಲಿಯಲ್ಲಿರುವ ನಮ್ಮ ಕಟ್ಟಡದಲ್ಲಿ ಉಡುಪಿ ಕಡೆಯವರ ಮನೆಯೊಂದಿದೆ. ಆ ಮನೆಯ ಹುಡುಗಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದು ಬಾರದು. ಊರಿನ ಸೋದರಮಾವ ಅವಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಕಳಿಸುತ್ತಾರೆ. ‘ಅಜ್ಜಿಯ ಬಳಿ ಬಾ’ ಎಂದು ಅವರು ಬರೆದದ್ದನ್ನು ಅವಳು ‘ಅಜ್ಜಿಯ ಬಲಿ ಬಾ’ ಎಂದು ಓದಿ, ಹಾಗೆಂದರೇನು ಎಂದು ನನ್ನನ್ನು ಕೇಳಿದಳು. ಬಿ, ಎ, ಎಲ್, ಐ. ನಮ್ಮ ಬಲಿ, ಬಳಿ, ಬಾಳಿ ಮೂರೂ ಆ ನಾಲ್ಕು ಅಕ್ಷರಗಳೊಳಗೆ ತುರುಕಿಕೊಂಡಿವೆ. ಇಂಡೋನೇಷ್ಯಾದ ಬಾಲಿ ದ್ವೀಪದ ಹೆಸರೂ ಅದೇ ನಾಲ್ಕು ಅಕ್ಷರ. ಇಂಡೋನೇಷ್ಯನ್ನರು ಅದೇ ರೋಮನ್ ಲಿಪಿಯಲ್ಲಿ ಆರಾಮವಾಗಿ ಬರೆದು ಓದುತ್ತಾರೆ. ನಾವೇಕೆ ಎಡವುತ್ತೇವೆ?

ಅವರ ಭಾಷೆ ಮಲಯ್‌ನಿಂದ ಬಂದದ್ದು. ಸುಮಾತ್ರಾದ ಕೆಡುಕನ್ ಬುಕಿತ್‌ನಲ್ಲಿ ಸಿಕ್ಕಿದ 683ರ ಹಳೆಯ ಮಲಯ್ ಶಾಸನ ಇರುವುದು ದಕ್ಷಿಣ ಭಾರತದ ಪಲ್ಲವ ಲಿಪಿಯಲ್ಲಿ. ಅದು ನಮ್ಮ ಲಿಪಿಯ ದಾಯಾದಿ. ಮುಂದೆ ಅರಬ್ಬಿ ಅಕ್ಷರ ಬಂತು, ಡಚ್ಚರ ಆಳ್ವಿಕೆಯಲ್ಲಿ ರೋಮನ್ ಬಂತು. ಪದಗಳಂತೂ ದಿಕ್ಕುದಿಕ್ಕಿನಿಂದ ಬಂದವು. ಭಾಷೆಗೆ ಅವರು ‘ಬಹಾಸಾ’ ಎನ್ನುತ್ತಾರೆ. ನಮ್ಮ ಭಕಾರವನ್ನು ಬಿಡಿಸಿ ಬ-ಹ ಎಂದು ಉಳಿಸಿಕೊಂಡಿದ್ದಾರೆ. ಗುರು ಅಲ್ಲಿಯೂ ಗುರುವೇ, ಕುರ್ಚಿ ಕುರ್ಸಿ, ಮೇಜು ಮೆಜಾ. ಚರ್ಚಿಗೆ ‘ಗೆರೆಜಾ’, ಪೋರ್ಚುಗೀಸರ ‘ಇಗ್ರೇಜಾ’. ಮಂಗಳೂರಿನವರು ಇಗರ್ಜಿ ಎನ್ನುವುದೂ ಅದನ್ನೇ. ಇಷ್ಟೆಲ್ಲ ಪದಗಳನ್ನು ಎರವಲು ತಂದರೂ ಇಂಡೋನೇಷ್ಯನ್ನಾಗಲಿ ಕನ್ನಡವಾಗಲಿ ಸೊರಗಲಿಲ್ಲ. ಪದಗಳ ಮಡಿವಂತಿಕೆಯಲ್ಲಿ ನನಗೆ ನಂಬಿಕೆಯಿಲ್ಲ.

ಲಿಪಿಯ ಮಾತು ಬೇರೆ. ಇಂಡೋನೇಷ್ಯನ್ನಿನಲ್ಲಿ ಸ್ವರಗಳ ಹ್ರಸ್ವ-ದೀರ್ಘದಿಂದ ಅರ್ಥ ಬದಲಾಗುವುದಿಲ್ಲ. ನಮ್ಮ ಹಾಗೆ ಲ-ಳ, ನ-ಣ ಜೋಡಿಗಳೂ ಇಲ್ಲ. ರೋಮನ್ ಅಂಗಿ ಅದರ ಮೈಗೆ ಸರಿಹೊಂದಿತು. ಒಂದು ಕಡೆ ಮಾತ್ರ ಬಿಗಿ: ಅವರಿಗೆ ಎಕಾರ ಎರಡು ಬಗೆ, ಒಂದು ಸ್ಪಷ್ಟ ಎ, ಇನ್ನೊಂದು ಬಾಯಿ ಪೂರ್ತಿ ತೆರೆಯದ ಮಂದ ಸ್ವರ. ‘ಅಪೆಲ್’ ಎಂಬುದನ್ನು ಒಂದು ರೀತಿ ನುಡಿದರೆ ಸೇಬು, ಇನ್ನೊಂದು ರೀತಿ ನುಡಿದರೆ ಹಾಜರಾತಿಯ ಕವಾಯತು. 1901ರ ಕಾಗುಣಿತದಲ್ಲಿ ಸ್ಪಷ್ಟ ಎಕಾರದ ನೆತ್ತಿಯ ಮೇಲೆ ಓರೆಗೀಟು ಇರುತ್ತಿತ್ತು. 1947ರ ಸುಧಾರಣೆ ಅದನ್ನು ಕೈಬಿಟ್ಟಿತು. 1972ರಲ್ಲಿ ಕಾಗುಣಿತ ಮತ್ತೆ ಬದಲಾದಾಗಲೂ ದಿನಬಳಕೆಗೆ ಅದು ಮರಳಲಿಲ್ಲ. ಇಂದು ಉಚ್ಚಾರಣೆ ತೋರಿಸಲು ನಿಘಂಟಿನಲ್ಲಿ ಉಳಿದಿದೆ. ಮನೆಮಾತಾಗಿ ಕಲಿತವರಿಗೆ ಸಂದರ್ಭವೇ ದನಿಯನ್ನು ಹೇಳಿಕೊಡುತ್ತದೆ. ಹೊರಗಿನಿಂದ ಕಲಿಯುವವರು ತಡವರಿಸುತ್ತಾರೆ.

ಇದೇ ತೊಡಕು ನಮ್ಮ ಅಂಗಳದಲ್ಲೂ ಇದೆ, ಅಲ್ಲಿ ಎರವಲು ಕೊಟ್ಟವರು ನಾವು. ಮುಂಬಯಿಯ ಕನ್ನಡಿಗರಲ್ಲಿ ಎಷ್ಟೋ ಜನರ ಮನೆಮಾತು ತುಳು. ಬಾಸೆಲ್ ಮಿಷನ್ ಅಚ್ಚುಕೂಟದ ಕಾಲದಿಂದ ಅದು ಕನ್ನಡ ಅಕ್ಷರದಲ್ಲಿ ಅಚ್ಚಾಗುತ್ತಿದೆ. ಆದರೆ ತುಳುವಿನಲ್ಲೂ ಎಕಾರ ಎರಡು. ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಕೊನೆಯ ಸ್ವರವನ್ನು ನಾಲಿಗೆ ಬೇರೆ ಮಾಡುತ್ತದೆ, ಕನ್ನಡ ಲಿಪಿ ಮಾಡುವುದಿಲ್ಲ. ಅರೆ ಉಕಾರಕ್ಕೂ ನಮ್ಮಲ್ಲಿ ಅಕ್ಷರವಿಲ್ಲ. ಆದ್ದರಿಂದ ರೋಮನ್ ಅಕ್ಷರವೊಂದನ್ನೇ ಬೈಯುವುದು ನ್ಯಾಯವಲ್ಲ. ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಲ್ಲ. ಅದರಲ್ಲಿ ಕನ್ನಡ ಬರೆದರೆ ಕೊಡು, ಕೋಡು ಒಂದೇ ಆಗುತ್ತವೆ. ಬೊರಿವಲಿಯೋ ಬೋರಿವಲಿಯೋ ಎಂದು ನಾವು ಚರ್ಚೆ ಮಾಡುತ್ತೇವಲ್ಲ, ಮರಾಠಿಯಲ್ಲಿ ಬರೆಯುವವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಗುರುತುಗಳನ್ನು ಕಳೆದುಕೊಂಡ ಬರಹದ ಗತಿ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಬೊರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಗುಹೆಗಳಿವೆ. ಬ್ರಾಹ್ಮಿ ಶಾಸನಗಳ ಜೊತೆಗೆ ನಮ್ಮ ಅಮೋಘವರ್ಷನ ಕಾಲದ ಶಾಸನಗಳೂ ಅಲ್ಲಿವೆ. 1009ರಲ್ಲೂ 1021ರಲ್ಲೂ ಅಲ್ಲಿಗೆ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಕೆತ್ತಿಸಿದ್ದಾರೆ. ಪಹ್ಲವಿ ಎಂದರೆ ಪರ್ಷಿಯನ್ ನುಡಿಗೆ ಅರಮಾಯಿಕ್‌ನಿಂದ ತಂದ ಎರವಲು ಅಕ್ಷರ. ಬರೆಬರೆಯುತ್ತ ಅಕ್ಷರಗಳು ಸವೆದು ಒಂದರೊಳಗೊಂದು ಕರಗಿ, ಕೊನೆಗೆ ನ, ವ, ರ ಮೂರಕ್ಕೂ ಒಂದೇ ಗೀಟು ಉಳಿಯಿತು. ಓದಬೇಕಾದರೆ ಪದ ಮೊದಲೇ ಗೊತ್ತಿರಬೇಕು. ಪವಿತ್ರ ಮಂತ್ರಗಳ ಉಚ್ಚಾರ ಹೀಗೆ ಕೆಡಬಾರದೆಂದು ಪಾರಸಿಗಳ ಧರ್ಮದ ಪಂಡಿತರು ಅದೇ ಲಿಪಿಯ ಬುಡದ ಮೇಲೆ ಐವತ್ತರಷ್ಟು ಅಕ್ಷರಗಳ ಅವೆಸ್ತಾ ಲಿಪಿಯನ್ನು ಕಟ್ಟಿದರು. ದನಿಯ ಬೆಲೆ ತಿಳಿದವರು ಪಟ್ಟ ಶ್ರಮ ಅದು.

ಕಿಟ್ಟೆಲರೂ ಅದನ್ನೇ ಮಾಡಿದ್ದು. 1894ರ ಅವರ ನಿಘಂಟಿನಲ್ಲಿ ಪ್ರತಿ ಕನ್ನಡ ಪದದ ಪಕ್ಕದಲ್ಲಿ ಗೀಟು, ಚುಕ್ಕೆಗಳೊಂದಿಗೆ ರೋಮನ್ ರೂಪವಿದೆ. ಎಲ್ ಅಡಿಯಲ್ಲಿ ಚುಕ್ಕೆಯಿದ್ದರೆ ಳಕಾರ, ಸ್ವರದ ನೆತ್ತಿಯ ಮೇಲೆ ಗೀಟಿದ್ದರೆ ದೀರ್ಘ. ಎರವಲು ಲಿಪಿ ಸಾಕಾಗಬೇಕಾದರೆ ಇಷ್ಟಾದರೂ ಬೇಕು. ಮೊಬೈಲಿನ ಅವಸರದಲ್ಲಿ ಯಾರೂ ಚುಕ್ಕೆ ಇಡುವುದಿಲ್ಲ, ಇಡಿ ಎಂದು ಕೇಳುವುದೂ ಸರಿಯಲ್ಲ. ಅದೇ ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇದೆ. ಮಾವ ಅದನ್ನು ಬಳಸಲಿ, ಮಗುವಿಗೆ ಅಕ್ಷರ ನಾವು ಕಲಿಸೋಣ.

ಆ ಸಂಜೆ ಹುಡುಗಿಗೆ ಕಾಗದದ ಮೇಲೆ ಬಲಿ, ಬಳಿ ಎರಡನ್ನೂ ಬರೆದು ತೋರಿಸಿ ಗಟ್ಟಿಯಾಗಿ ಓದಿದೆ. ಳಕಾರ ಅವಳಿಗೆ ಹೊಸ ದನಿಯೇನಲ್ಲ, ಮನೆಯ ಕನ್ನಡದಲ್ಲೂ ಶಾಲೆಯ ಮರಾಠಿಯಲ್ಲೂ ಇದೆ. ತಾನೂ ನಾಲಿಗೆ ಮಡಿಸಿ ‘ಬಳಿ’ ಎಂದಳು, ಮತ್ತೆ ಪೆನ್ನಿಗೆ ಕೈ ಚಾಚಿದಳು.