ನಮ್ಮ ಶಾಲೆಗೂ ಒಬ್ಬ ನರ್ಸಮ್ಮ ಬೇಕು

ನಲ್ಲೂರಿನ ತಂದೆ-ತಾಯಂದಿರೇ, ಅಜ್ಜ-ಅಜ್ಜಿಯರೇ, ಎಸ್‌ಡಿಎಂಸಿ ಸದಸ್ಯರೇ, ಹಳೆಯ ವಿದ್ಯಾರ್ಥಿಗಳೇ,

ಎರಡನೇ ಪಿರಿಯಡ್ಡಿಗೇ ಬೆಂಚಿನ ಮೇಲೆ ತಲೆಯಿಟ್ಟು ಮಲಗುವ ಹುಡುಗಿಯನ್ನು ಸೋಮಾರಿ ಅನ್ನುತ್ತೇವೆ. ಬೋರ್ಡಿನ ಲೆಕ್ಕ ತಪ್ಪಾಗಿ ಬರೆದುಕೊಳ್ಳುವವನನ್ನು ದಡ್ಡ ಅನ್ನುತ್ತೇವೆ. ಕರೆದರೂ ತಿರುಗಿ ನೋಡದವನಿಗೆ ಮೊಂಡ ಎಂದು ಹೆಸರಿಡುತ್ತೇವೆ. ಆ ಹುಡುಗಿಗೆ ರಕ್ತ ಕಡಿಮೆ ಇರಬಹುದು. ಆ ಹುಡುಗನಿಗೆ ಕನ್ನಡಕ ಬೇಕಿರಬಹುದು. ಇನ್ನೊಬ್ಬನ ಕಿವಿ ತಿಂಗಳುಗಟ್ಟಲೆ ಸೋರುತ್ತಿರಬಹುದು. ಬೈದರೆ ಇದ್ಯಾವುದೂ ವಾಸಿಯಾಗುವುದಿಲ್ಲ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕಾದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಇದು ದೊಡ್ಡ ಕೆಲಸ. ಸೀಳುತುಟಿಗೆ, ಹುಟ್ಟಿನಿಂದ ಬಂದ ಹೃದಯದ ತೊಂದರೆಗೆ ಇದರಡಿ ಉಚಿತ ಚಿಕಿತ್ಸೆ ಇದೆ. ಆದರೆ ತಂಡ ಹೊರಟ ಮೇಲೆ? ಚನ್ನಗಿರಿಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಹೋಗಿ ತೋರಿಸಿ ಎಂದು ಬರೆದುಕೊಟ್ಟ ಚೀಟಿ ಮಗುವಿನ ಬ್ಯಾಗಿನ ತಳ ಸೇರುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಖೇಣಿ ಮನೆಯ ಕೂಲಿ ಬಿಟ್ಟು ಬಸ್ಸು ಹತ್ತುವುದು ತಾಯಿಗೆ ಸುಲಭವಲ್ಲ, ಅದಕ್ಕಾಗಿ ಆಕೆಯನ್ನು ದೂರುವುದೂ ಸರಿಯಲ್ಲ. ಆ ಚೀಟಿ ಏನಾಯಿತು ಎಂದು ಮನೆ ಬಾಗಿಲಿಗೆ ಬಂದು ಕೇಳುವವರು ಬೇಕು.

ನೂರಿಪ್ಪತ್ತು ವರ್ಷಗಳ ಹಿಂದೆ ನ್ಯೂಯಾರ್ಕ್‌ನಲ್ಲೂ ಇದೇ ಪಾಡು. ಶಾಲೆಗೆ ಬಂದ ವೈದ್ಯರು ಕಣ್ಣುಬೇನೆ, ಹುಳುಕಡ್ಡಿ, ಹೇನು ಕಂಡ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಕೊಡಿಸುವವರಿಲ್ಲದೆ ಮಕ್ಕಳು ಬೀದಿಯಲ್ಲಿ ಆಡುತ್ತಾ ಓದು ಕಳೆದುಕೊಳ್ಳುತ್ತಿದ್ದರು. 1902ರ ಅಕ್ಟೋಬರ್‌ನಲ್ಲಿ ಲೀನಾ ರೋಜರ್ಸ್ ಎಂಬ ನರ್ಸನ್ನು ನಾಲ್ಕು ಶಾಲೆಗಳಿಗೆ ಒಂದು ತಿಂಗಳ ಪ್ರಯೋಗಕ್ಕೆಂದು ಕಳಿಸಿದರು. ಆಕೆ ಗಾಯಕ್ಕೆ ಶಾಲೆಯಲ್ಲೇ ಮದ್ದು ಹಚ್ಚಿದರು, ಸಂಜೆ ಮನೆಗೆ ಹೋಗಿ ತಾಯಿಗೆ ವಿವರಿಸಿದರು. ಮಕ್ಕಳು ತರಗತಿಗೆ ಮರಳಿದರು, ನಗರ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು.

ನಮ್ಮ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. ಐದನೇ ತರಗತಿವರೆಗೆ ಗುಲಾಬಿ, ಆರರಿಂದ ಮೇಲೆ ನೀಲಿ, ವಾರಕ್ಕೊಂದು. ಖಾಲಿ ಹೊಟ್ಟೆಯಲ್ಲಿ ನುಂಗಿದ ಮಗುವಿಗೆ ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾದರೆ ಮನೆಯವರು ಹೆದರುತ್ತಾರೆ. ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಊಟದ ನಂತರ ನುಂಗು, ಅದರ ಜೊತೆ ಟೀ ಬೇಡ, ಮಲ ಕಪ್ಪಾಗುವುದು ಸಹಜ ಎಂದು ನರ್ಸಮ್ಮ ಎದುರಿಗೆ ಕೂತು ಹೇಳಿದರೆ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇನ್ನು ಮುಟ್ಟಿನ ಹೊಟ್ಟೆನೋವನ್ನು ಗಂಡು ಮೇಷ್ಟರಿಗೆ ಹೇಳಲಾಗದೆ ಮನೆಯಲ್ಲೇ ಉಳಿಯುವ ಹುಡುಗಿಯರ ಸಂಕಟ ಊರಿನ ಯಾವ ತಾಯಿಗೆ ಗೊತ್ತಿಲ್ಲ?

ನಮ್ಮದೇ ತಾಲ್ಲೂಕಿನ ದೇವರಹಳ್ಳಿಯಲ್ಲಿ ನವೋದಯ ವಿದ್ಯಾಲಯವಿದೆ. ನವೋದಯಗಳಲ್ಲಿ ನರ್ಸ್ ಹುದ್ದೆ ಇದೆ, ಮಕ್ಕಳು ಅಲ್ಲೇ ಉಳಿಯುತ್ತಾರೆ ಎಂಬ ಕಾರಣಕ್ಕೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಮಕ್ಕಳಿಗೂ ಜ್ವರ ಬರುತ್ತದೆ, ಫಿಟ್ಸ್ ಬರುತ್ತದೆ, ಆಡುವಾಗ ಮೊಣಕೈ ಮುರಿಯುತ್ತದೆ. ಆಗ ಪಾಠ ನಿಲ್ಲಿಸಿ ಓಡಾಡುವವರು ಮೇಷ್ಟ್ರು, ಟೀಚರಮ್ಮ. ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಇನ್ನೂ ಒಂದು ಹೊರೆ ಹೊರಿಸಬೇಕೆಂದು ನಾವು ಕೇಳುತ್ತಿಲ್ಲ. ಬೇಕಿರುವುದು ಸಂಬಳವಿರುವ ಹುದ್ದೆ.

ಹುದ್ದೆ ಮಂಜೂರಾಗುವವರೆಗೆ ನಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸ್ ವಾರಕ್ಕೊಂದು ಗೊತ್ತುಪಡಿಸಿದ ದಿನ ಶಾಲೆಗೆ ಬರಲಿ. ಪ್ರತಿ ಮಗುವಿಗೂ ಒಂದು ಆರೋಗ್ಯ ಕಾರ್ಡ್ ಇರಲಿ, ಬರೆದುಕೊಟ್ಟ ಪ್ರತಿ ಚೀಟಿಯ ಲೆಕ್ಕ ಆ ಕಾರ್ಡಿನಲ್ಲಿರಲಿ.

ಮುಂದಿನ ಎಸ್‌ಡಿಎಂಸಿ ಸಭೆಗೆ ಬನ್ನಿ, ಗ್ರಾಮಸಭೆಗೂ ಬನ್ನಿ. ಕೂಲಿಗೆ ಹೋಗುವ ತಾಯಂದಿರಿಗೆ ಅನುಕೂಲವಾಗುವಂತೆ ಸಭೆಯನ್ನು ಸಂಜೆ ಇಡಿ ಎಂದು ಈಗಲೇ ಕೇಳಿ. ನಿರ್ಣಯ ಬರೆಸಿ, ಸಹಿ ಹಾಕಿ. ಒಂದು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗೆ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಒಂದು ಶಾಸಕರಿಗೆ ಕೊಟ್ಟು ಮೂವರಿಂದಲೂ ಸ್ವೀಕೃತಿ ಪಡೆಯೋಣ. ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ಕೇಳಲಿ. ಬರುವಾಗ ಬ್ಯಾಗಿನ ತಳದಲ್ಲಿರುವ ಆಸ್ಪತ್ರೆ ಚೀಟಿಗಳನ್ನೂ ತನ್ನಿ, ಅಧಿಕಾರಿಗಳ ಮುಂದೆ ಇಡೋಣ.

— ನಲ್ಲೂರಿನ ಪೋಷಕರು